ನಾಲ್ಕನೇ ಜ್ವರ

ಅಕ್ಕೂರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ನಮ್ಮ ದೊಡ್ಡಮ್ಮನಿಗೆ ಹೆತ್ತ ಮಗುವಿಗಿಂತ ರೇಷ್ಮೆಹುಳು ಹೆಚ್ಚಾಗಿತ್ತು. ಮಗಳು ಮನೆಯಲ್ಲಿ ಜ್ವರದಿಂದ ಬೇಯುತ್ತಿದ್ದರೆ ಅವಳು ಹುಳುಮನೆಯಲ್ಲಿ ಸೊಪ್ಪು ಹಾಕುತ್ತ ಕೂತಿದ್ದಳು. ಮಗು ಹೋಯಿತು, ಹುಳುಮನೆ ಹಾಳುಬಿತ್ತು. ಹೀಗೆ ಹೇಳುವವರಲ್ಲಿ ಒಬ್ಬರೂ ಆ ದಿನ ಅಲ್ಲಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು: ಹತ್ತು ಜನ ಅದೇ ವಾಕ್ಯವನ್ನು ಅದೇ ಪದಗಳಲ್ಲಿ ಹೇಳಿದರೆ ಅದು ಹತ್ತು ಸಾಕ್ಷಿಯಲ್ಲ, ಒಬ್ಬರ ಮಾತಿನ ನಕಲು.

ಹೋದ ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದು ಆ ಹುಳುಮನೆಗೆ ಹೋದೆ. ಹೊಲದ ನಡುವೆ ಉದ್ದನೆಯ ಕಟ್ಟಡ, ಕಿಟಕಿಗಳಿಗೆ ಜಾಲರಿ, ಅರ್ಧ ಕುಸಿದ ಹೆಂಚಿನ ಮಾಡು. ಸುತ್ತ ಹಿಪ್ಪುನೇರಳೆ ಇದ್ದ ಜಾಗದಲ್ಲೀಗ ಮಾವಿನ ಗಿಡ. ಹಸು ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಹೊಲದ ಅಜ್ಜ ನಿಂತು ನೋಡಿದ.

"ಏನವ್ವ, ಹಾಳ್ಮನೆ ಫೋಟೋ ಹಿಡ್ದು ಏನ್ ಮಾಡೀಯೆ? ನನ್ನನ್ನಾರ ಹಿಡಿ, ಇನ್ನೂ ಒಸಿ ಗಟ್ಟಿಯಾಗಿವ್ನಿ."

ಅವನದೂ ಒಂದು ಫೋಟೋ ತೆಗೆದೆ. ಹೋಗುವಾಗ ಅವನೂ ಅದೇ ಮಾತು ಹೇಳಿದ: "ಪಾಪದ ಮನೆ ಕಣವ್ವ ಅದು. ಮಗೀನ ಬುಟ್ಟು ಹುಳಾನ ನೋಡ್ಕಂಡ್ಲು."

ಒಳಗೆ ಬಿದಿರಿನ ತಟ್ಟೆಗಳು ಗೆದ್ದಲು ಹತ್ತಿ ಮಣ್ಣಾಗಿದ್ದವು. ತೊಲೆಯಲ್ಲಿ ಏನೋ ಬಟ್ಟೆಯ ತುಂಡು ಗಂಟುಬಿದ್ದು ನೇತಾಡುತ್ತಿತ್ತು. ಬೆಳಕು ಚೆನ್ನಾಗಿತ್ತೆಂದು ಅದನ್ನೂ ತೆಗೆದೆ.

ಮನೆಯಲ್ಲಿ ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಫೋಟೋಗಳನ್ನು ತೋರಿಸಿದೆ. ಬಟ್ಟೆಯ ಫೋಟೋ ಬಂದಾಗ ಅವಳ ಕೈ ನಿಂತಿತು.

"ನನ್ ಸೀರೆ. ಮಗೀಗೆ ಜೋಲಿ ಕಟ್ಟಿದ್ದೆ."

"ಜೋಲಿ ಅಲ್ಲಿತ್ತಾ? ಮಗೂನ ಮನೇಲಿ ಬಿಟ್ಟಿದ್ದೆ ಅಂತಾರೆ."

"ಅವಳ್ನ ಬುಟ್ಟು ನಾನು ಎಲ್ಗೆ ಹೋಯ್ತಿದ್ದೆ?"

"ಸೊಪ್ಪು ಹಾಕ್ತಾ ಕೂತಿದ್ದೆ ಅಂತಾರಲ್ಲ ದೊಡ್ಡಮ್ಮ."

"ಯಾವ ಸೊಪ್ಪು? ಅವತ್ತು ಹುಳ ನಾಕನೇ ಜ್ವರದಲ್ಲಿದ್ವು."

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ; ಆ ಹೊತ್ತನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಹುಳುಗಳು ತಲೆಯೆತ್ತಿ ಅಲ್ಲಾಡದೆ ಇರುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಪೊರೆ ಕಳಚಿದ ಮೇಲೆ 'ಎದ್ದವು' ಎನ್ನುತ್ತಾರೆ. ಇದು ಊರಿನ ಮಕ್ಕಳಿಗೂ ಗೊತ್ತು. ಮತ್ತೆ ಸೊಪ್ಪಿನ ಕಥೆಯನ್ನು ಇಷ್ಟು ವರ್ಷ ನಂಬಿದ್ದು ಹೇಗೆ? ಯಾರಿಗೂ ಲೆಕ್ಕ ಹಾಕುವ ಗರಜು ಇರಲಿಲ್ಲ, ಅಷ್ಟೇ.

ಜ್ವರ ಎದ್ದ ಹುಳುಗಳಿಗೆ ಹಸಿವು ಹೆಚ್ಚು. ಮನೆಯ ಸೊಪ್ಪು ಸಾಲದೆಂದು ದೊಡ್ಡಪ್ಪ ಆ ದಿನ ತಿಪ್ಪಸಂದ್ರದ ಕಡೆ ಹೋಗಿದ್ದ. ದೊಡ್ಡಮ್ಮ ಅವನಿಗೆ ಫೋನ್ ಮಾಡಿದ್ದಳು. ಲೈನ್ ಕಡಿದು ಕಡಿದು ಬರುತ್ತಿತ್ತಂತೆ.

"ಜ್ವರ ಕಣ್ರೀ, ಬೆಳಗಿಂದ ಎದ್ದೇ ಇಲ್ಲ ಅಂದೆ. ಗಾಬ್ರಿ ಬೀಳ್ಬ್ಯಾಡ, ಮುಟ್ಟಕ್ಕೋಗ್ಬ್ಯಾಡ, ನಾಳೆ ಹೊತ್ಗೆ ತಾನೇ ಏಳ್ತದೆ, ಸೊಪ್ಪು ತಕ್ಕಂಡು ಬತ್ತೀನಿ ಅಂದ್ರು. ನಾಕು ಊರು ತಿರುಗ್ದೋರು, ತಿಳ್ದೇ ಹೇಳ್ತಾರೆ ಅಂದ್ಕಂಡೆ. ತೊಡೆ ಮ್ಯಾಲೆ ಮಲಗಿಸ್ಕಂಡು ಕಾಯ್ತಾ ಕೂತೆ."

ಅಷ್ಟು ಹೇಳಿ ಮತ್ತೆ ಕಾಯಿ ಸುಲಿಯತೊಡಗಿದಳು.

ದೊಡ್ಡಪ್ಪ ಹೊರಗೆ ಜಗಲಿಯಲ್ಲಿ ಕುಡುಗೋಲು ಮಸೆಯುತ್ತಿದ್ದ. ಅವತ್ತು ಫೋನಿನಲ್ಲಿ ಏನಂದೆ ಎಂದು ನೇರವಾಗಿ ಕೇಳಿದೆ. ಕಲ್ಲಿಗೆ ನೀರು ಚಿಮುಕಿಸಿದ.

"ನಾನಂದದ್ದು 'ಏಳ್ತವೆ' ಅಂತ. ಹುಳದ ಜ್ವರ ಅಂದ್ಕಂಡಿದ್ದೆ. ಅವ್ಳು ಮಗಿ ಅನ್ನಲಿಲ್ಲ ಕಣವ್ವ. ನಾನೂ ಕೇಳ್ನಿಲ್ಲ."

ಅವನು 'ಏಳ್ತವೆ' ಅಂದ, ಅವಳಿಗೆ 'ಏಳ್ತದೆ' ಕೇಳಿಸಿತು. ಅವಳು 'ಎದ್ದಿಲ್ಲ' ಅಂದಳು. ನಮ್ಮ ಭಾಷೆಯಲ್ಲಿ ಆ ಮಾತು ಒಂದು ಮಗುವಿಗೂ ಮನೆತುಂಬ ಹುಳುವಿಗೂ ಒಂದೇ. ಎದುರಾಳಿಯ ಮಾತಿನಲ್ಲಿ ಇಂಥ ಸೀಳು ಸಿಕ್ಕಾಗ ವೇದಿಕೆಯ ಮೇಲೆ ನಾನು ಹಿಗ್ಗಿದ್ದೇನೆ. ಅಲ್ಲಿ ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ಕೂತೆ.

ಆದರೂ ನನ್ನ ತಕರಾರು ಮುಗಿದಿರಲಿಲ್ಲ. ಫೋನಿನ ತಪ್ಪು ಇಬ್ಬರದೂ ಹೌದು, ಇಬ್ಬರದೂ ಅಲ್ಲ, ಒಪ್ಪುತ್ತೇನೆ. ಮರುದಿನ ಸೊಪ್ಪಿನ ಮೂಟೆಯೊಂದಿಗೆ ಬಂದು ಇಳಿದಾಗಲೇ ಅವನಿಗೆ ಎಲ್ಲ ತಿಳಿದಿರಬೇಕು. ಆಮೇಲೂ ಊರು ಅವಳನ್ನೇ ಅಂದಿತು. ಹೆಣ್ಣುಮಕ್ಕಳ ಸೀಮಂತಕ್ಕೆ ಅವಳನ್ನು ಕರೆಯುವುದನ್ನು ಬಿಟ್ಟರು. ಕೂಸುಗಳನ್ನು ಅವಳ ಕೈಗೆ ಕೊಡುವುದಿಲ್ಲ. ನನ್ನ ಅಕ್ಕನೂ ಕೊಡಲಿಲ್ಲ.

ಸುಲಿದ ಕಾಳಿನ ಮೊರ ಹಿಡಿದು ದೊಡ್ಡಮ್ಮ ಬಾಗಿಲಿಗೆ ಬಂದಿದ್ದಳು. ದೊಡ್ಡಪ್ಪ ಅವಳತ್ತ ತಿರುಗಲಿಲ್ಲ.

"ದೊಡ್ಡಪ್ಪ, ಫೋನಿನ ಮಾತು ಬಿಡು. ಮಗೀನ ಇವಳೇ ಸಾಯಿಸಿದ್ಲು ಅಂತ ಊರೋರು ನಿನ್ನೆದುರಿಗೇ ಅಂದಾಗ, 'ಅವಳು ನನ್ನ ಕರೆದಿದ್ಲು' ಅಂತ ಒಂದೇ ಒಂದು ಮಾತು, ಒಬ್ಬರಿಗಾದ್ರೂ, ಯಾಕೆ ಹೇಳ್ಲಿಲ್ಲ?"