ಬಗ್ಗಿ ನೋಡಿ ಆರಿಸಿದ ಬ್ಯಾಗು

ಯಾದಗಿರಿಯಿಂದ ಶಹಾಪುರದ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು ಎಂದು ನನ್ನ ನೋಟ್‌ಬುಕ್ಕಿನಲ್ಲಿದೆ. ಟಿಕೆಟ್ಟಿನ ಮೇಲೆ ಎಂಟು ಗಂಟೆ ಐದು ನಿಮಿಷ ಎಂದು ಅಚ್ಚಾಗಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತೀರ್ಮಾನಿಸದೆ ಮುಂದೆ ಹೋಗುತ್ತೇನೆ. ಮೋಡವಿತ್ತು, ಮಳೆಯಿರಲಿಲ್ಲ. ನನ್ನ ತೊಡೆಯ ಮೇಲೆ ಜೋಳದ ಹಿಟ್ಟು ತುಂಬಿಡುವ ದೊಡ್ಡ ಸ್ಟೀಲ್ ಡಬ್ಬಿ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಕ್ಯಾಮೆರಾ ಮತ್ತು ಎರಡು ಲೆನ್ಸು.

"ಡಬ್ಬಿದಾಗ ಏನದರಿ ಮೇಡಂ?" ಎಂದು ಕಂಡಕ್ಟರ್ ಕೇಳಿದ.

"ಕ್ಯಾಮೆರಾ."

"ತುಪ್ಪ ಅಂದಿದ್ರ ನಂಬತಿದ್ದೆ ನೋಡ್ರಿ," ಎಂದು ಟಿಕೆಟ್ ಹರಿದು ಕೊಟ್ಟ.

ಡಬ್ಬಿಯ ಕಾರಣ ಹೇಳಬೇಕು. ನಾನು ಯಾದಗಿರಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ರಜೆಯ ದಿನಗಳಲ್ಲಿ ಚಿತ್ರ ತೆಗೆಯುತ್ತೇನೆ. ನನ್ನ ತಾಯಿ ಮತ್ತು ಚಿಗವ್ವ ಮುದನಾಳದಲ್ಲಿ ಹುಟ್ಟಿ ಬೆಳೆದ ಅಕ್ಕತಂಗಿಯರು. ಚಿಗವ್ವನನ್ನು ಕೊಟ್ಟದ್ದು ಸುರಪುರದ ಆಚೆ, ಕಾಲುವೆ ನೀರು ಹರಿಯುವ ಕಡೆಗೆ. ಮೂವತ್ತು ವರ್ಷ ಅವಳು ಕಂಡವರ ಗದ್ದೆಗಳಲ್ಲಿ ಕೂಲಿಗೆ ಭತ್ತದ ಸಸಿ ಹಚ್ಚಿದಳು. ಅವಳ ಗುಂಪಿನ ಹೆಂಗಸರಲ್ಲಿ ಒಂದು ಕಟ್ಟಳೆಯಿದೆ. ಸಸಿ ಹಚ್ಚುವ ದಿನ ಗದ್ದೆಗೆ ಬಂದವರು ಯಾರೇ ಇರಲಿ, ಮಾಸ್ತರರಿರಲಿ, ಬ್ಯಾಂಕಿನವರಿರಲಿ, ಕೆಳಗಿಳಿದು ಒಂದು ಸಾಲು ಹಚ್ಚಬೇಕು. ಬದುವಿನ ಮೇಲೆ ಸುಮ್ಮನೆ ನಿಲ್ಲುವ ಹಕ್ಕು ಹೊಲದ ಒಡೆಯರಿಗೆ ಮಾತ್ರ. ಹಿಂದಿನ ವರ್ಷ ಚಿತ್ರ ತೆಗೆಯಲೆಂದು ಹೋದಾಗ ನನ್ನನ್ನೂ ಇಳಿಸಿದರು. ಬೆನ್ನಿನ ಮೇಲೆ ಕಾಲೇಜು ದಿನಗಳ ಬ್ಯಾಗಿತ್ತು. ಬಗ್ಗಿದೆ. ಬ್ಯಾಗು ಕುತ್ತಿಗೆಯ ಮೇಲಿಂದ ಜಾರಿ, ತಲೆ ದಾಟಿ, ಬಾಯಿ ತೆರೆದುಕೊಂಡು ನನ್ನ ಮುಂದೆಯೇ ಕೆಸರಿಗೆ ಬಿತ್ತು. ಕ್ಯಾಮೆರಾ ಅಲ್ಲಿಗೆ ಮುಗಿಯಿತು. ಹೊಸದು ಕೊಂಡಿದ್ದೆ, ಆದರೆ ಅದಕ್ಕೊಂದು ಬ್ಯಾಗು ಕೊಳ್ಳುವ ಧೈರ್ಯ ಬಂದಿರಲಿಲ್ಲ.

ಈಗ ಚಿಗವ್ವನ ಫೋನು ಬಂದಿತ್ತು. ಅವಳು ಎರಡು ಎಕರೆ ಕೊಂಡು ಮೂರನೆಯ ವರ್ಷ. ಹೊಲ ಕಾಲುವೆಯ ಕಟ್ಟಕಡೆಗೆ. ಮೊದಲೆರಡು ವರ್ಷ ಅಲ್ಲಿಯ ತನಕ ನೀರು ಮುಟ್ಟಿರಲಿಲ್ಲ. ಈ ಸಲ ಹೂಳು ತೆಗೆದಿದ್ದರು. ನಾರಾಯಣಪುರದ ಅಣೆಕಟ್ಟಿನಲ್ಲಿ ಬಿಟ್ಟ ನೀರು ಅವಳ ಬದು ಮುಟ್ಟಿತ್ತು.

"ಗುರುವಾರ ಸಸಿ ಹಚ್ಚತೀವಿ ಸುಜಾತಾ," ಎಂದಳು. "ಬದುವಿನ ಮ್ಯಾಲೆ ನಿಂತದ್ದು ಒಂದು ಫೋಟೊ ಬೇಕು ನನಗ. ಇಷ್ಟು ವರ್ಷ ಅಲ್ಲಿ ನಿಂತವ್ರನ್ನ ತಲಿ ಎತ್ತಿ ನೋಡೀನಿ. ಈ ಸಲ ನಾ ನಿಂದ್ರತೀನಿ. ನೀ ಮಾತ್ರ ಕ್ಯಾಮೆರಾ ಬೀಳಿಸಬ್ಯಾಡವ್ವ."

ಅದಕ್ಕೇ ಎರಡು ದಿನ ರಜೆ ಹಾಕಿ ಬುಧವಾರ ಹೊರಟಿದ್ದೆ. ಗುರುವಾರದೊಳಗೆ ಬ್ಯಾಗು ಸಿಗಬೇಕಿತ್ತು.

ಭೀಮೆಯ ಸೇತುವೆ ದಾಟುವಾಗ ನದಿಯಲ್ಲಿ ಕೆಂಪು ನೀರು ಕಂಡಿತು. ಶಹಾಪುರ ಹತ್ತಿರವಾದಂತೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಎಡಕ್ಕೋ ಬಲಕ್ಕೋ ಕಾಣಿಸಿತು. ಇಷ್ಟು ಸಲ ನೋಡಿದರೂ ಅದರ ದಿಕ್ಕು ನನ್ನ ನೆನಪಿನಲ್ಲಿ ನಿಲ್ಲುವುದಿಲ್ಲ. ಹಣೆ, ಮೂಗು, ಎದೆ ಮಾತ್ರ ನಿಲ್ಲುತ್ತವೆ. ನನ್ನ ಹಿಂದಿನ ಸೀಟಿನ ಹೆಂಗಸು ಕೈ ಮುಗಿದಳು. ನಾನೂ ಮುಗಿದೆ.

ಶಹಾಪುರದ ಬ್ಯಾಗಿನ ಅಂಗಡಿ ಬಸ್ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಮಾಲೀಕರು ವಿಭೂತಿ ಹಚ್ಚಿದ ಹಿರಿಯರು. ಶಾಲೆಯ ಬ್ಯಾಗು, ಸೂಟ್‌ಕೇಸುಗಳ ನಡುವೆ ಕ್ಯಾಮೆರಾದ ಬ್ಯಾಗುಗಳು ಎರಡೇ ಇದ್ದವು. ಒಂದು ಕಪ್ಪು, ದೊಡ್ಡದು.

"ಇದನ್ನ ಒಯ್ರಿ. ಮದುವಿ ಫೋಟೊ ತೆಗಿಯೋರೆಲ್ಲಾ ಇದನ್ನೇ ಒಯ್ತಾರ. ಎರಡು ಕ್ಯಾಮೆರಾ, ಐದು ಲೆನ್ಸು, ಲ್ಯಾಪ್‌ಟಾಪು, ಎಲ್ಲಾ ಕೂಡ್ತದ. ಮಳಿಗೆ ಮ್ಯಾಲೆ ಹೊದಿಕಿ ಅದ."

ಅದನ್ನು ಹೇಗೆ ತೆರೆಯುವುದೆಂದು ಕೇಳಿದೆ. ಅವರು ಮೇಜಿನ ಮೇಲೆ ಅಂಗಾತ ಮಲಗಿಸಿ ಸುತ್ತಲೂ ಜಿಪ್ ಎಳೆದು, ಮುಚ್ಚಳ ಎತ್ತಿದಂತೆ ತೆರೆದು ತೋರಿಸಿದರು. ಒಳಗಿನ ಮೆತ್ತನೆಯ ಗೂಡುಗಳು ಚೆನ್ನಾಗಿದ್ದವು. ಆದರೆ ಮೊಳಕಾಲುದ್ದ ಕೆಸರಿನಲ್ಲಿ ನಿಂತವಳು ಅದನ್ನು ಎಲ್ಲಿ ಮಲಗಿಸಬೇಕು? ನೀರು ನಿಂತ ಗದ್ದೆಯಲ್ಲಿ ಮೇಜಿಲ್ಲ.

ಇನ್ನೊಂದು ಬೂದು ಬಣ್ಣದ್ದು, ಚಿಕ್ಕದು. ಅದರ ಬಾಗಿಲು ಪಕ್ಕಕ್ಕಿತ್ತು. ಒಂದು ಹೆಗಲಿನ ಪಟ್ಟಿ ಕಳಚಿ, ಚೀಲವನ್ನು ಸೊಂಟದ ಸುತ್ತ ಮುಂದಕ್ಕೆ ಎಳೆದುಕೊಂಡರೆ ಬಾಗಿಲು ಬಲಗೈಗೆ ಸಿಗುತ್ತಿತ್ತು. ಕೆಳಗಿಡುವ ಅಗತ್ಯವೇ ಇಲ್ಲ. ನಾನು ಎಡಚಿ. ಸಸಿ ಹಚ್ಚುವುದು ಎಡಗೈಯಿಂದ, ಕೆಸರಾಗುವುದೂ ಆ ಕೈಯೇ. ಕ್ಯಾಮೆರಾದ ಗುಂಡಿ ಬಲಕ್ಕಿದೆ. ಒಂದು ಕ್ಯಾಮೆರಾ, ಎರಡು ಲೆನ್ಸು ಕೂತರೆ ಅದು ಭರ್ತಿ. ನನ್ನ ಹತ್ತಿರ ಇದ್ದದ್ದೂ ಅಷ್ಟೇ. ದೂರದ ಲೆನ್ಸನ್ನು ಮನೆಯಲ್ಲೇ ಬಿಟ್ಟಿದ್ದೆ. ಬದುವಿನ ಮೇಲೆ ನಿಂತು ತೆಗೆಯುವವರಿಗೆ ಅದು ಬೇಕು.

ಡಬ್ಬಿಯಿಂದ ತೆಗೆದು ಎಲ್ಲವನ್ನೂ ಬೂದು ಬ್ಯಾಗಿಗೆ ತುಂಬಿದೆ. ಬೆನ್ನಿಗೇರಿಸಿ, ಅಂಗಡಿಯ ನಡುವೆ ನಿಂತು, ಸಸಿ ಹಚ್ಚುವವರ ಹಾಗೆ ಸೊಂಟದಿಂದ ಪೂರ್ತಿ ಬಗ್ಗಿದೆ.

"ಏನ್ ಕಳಕೊಂಡ್ರಿ ಮೇಡಂ?" ಮಾಲೀಕರು ಗಾಬರಿಯಾಗಿ ತಾವೂ ನೆಲ ನೋಡತೊಡಗಿದರು.

"ಏನಿಲ್ರಿ. ಬ್ಯಾಗ್ ನೋಡಾಕತ್ತೇನಿ."

"ಬ್ಯಾಗ್ ಮ್ಯಾಲದಲ್ರಿ, ನೆಲ ಯಾಕ ನೋಡ್ತೀರಿ?"

ಹಿಂದಕ್ಕೆ ನಾಲ್ಕು ಹೆಜ್ಜೆ ನಡೆದೆ, ಯಾಕೆಂದರೆ ಸಸಿ ಹಚ್ಚುವವರು ನಡೆಯುವುದು ಹಿಂದಕ್ಕೆ. ಐದನೆಯ ಹೆಜ್ಜೆಗೆ ಬ್ಯಾಗು ಎಡಪಕ್ಕಕ್ಕೆ ವಾಲಿ ಕುತ್ತಿಗೆಗೆ ಬಂತು. ಸೊಂಟದ ಪಟ್ಟಿ ಇತ್ತು, ಆದರೆ ಲಾಡಿಯಷ್ಟು ತೆಳ್ಳಗಿತ್ತು. ಪಟ್ಟಿಯನ್ನು ಬೇರೆ ಹೊಲಿಸಬಹುದೆಂದು ಅದನ್ನೇ ಕೊಂಡೆ. ಸಾವಿರದ ಎಂಟುನೂರು ಹೇಳಿ ಸಾವಿರದ ಆರುನೂರಕ್ಕೆ ಕೊಟ್ಟರು. "ಇಪ್ಪತ್ತೆರಡು ವರ್ಷ ಆತು ಅಂಗಡಿ ಇಟ್ಟು. ಬಗ್ಗಿ ನೋಡಿ ಒಯ್ದಾಕಿ ನೀವೊಬ್ಬಾಕಿನೇ," ಎಂದರು. ದೂರೋ ಹೊಗಳಿಕೆಯೋ ತಿಳಿಯಲಿಲ್ಲ. ಹೊಗಳಿಕೆ ಎಂದು ಇಟ್ಟುಕೊಂಡಿದ್ದೇನೆ. ಖಾಲಿ ಡಬ್ಬಿಯನ್ನು ಅವರಲ್ಲೇ ಇರಿಸಿದೆ.

ಸುರಪುರಕ್ಕೆ ಮುಕ್ಕಾಲು ಗಂಟೆಯ ದಾರಿ. ನಿಲ್ದಾಣದ ಎದುರು ನೆನೆಸಿದ ಮಂಡಕ್ಕಿಯ ಸೂಸಲಾ ಮತ್ತು ಮಿರ್ಚಿ ತಿಂದು, ಬ್ಯಾಗಿನ ಪಟ್ಟಿ ಯಾರು ಹೊಲಿಯುತ್ತಾರೆಂದು ವಿಚಾರಿಸಿದೆ. ಟ್ರ್ಯಾಕ್ಟರ್ ಸೀಟು ಹೊಲಿಯುವ ಇಮಾಮಸಾಬರ ಕಡೆ ಕೈ ತೋರಿಸಿದರು. ಅವರ ತಗಡಿನ ಅಂಗಡಿಯ ಮುಂದೆ ಔಷಧಿ ಹೊಡೆಯುವ ಪಂಪುಗಳು ಸಾಲಾಗಿ ಕುಳಿತಿದ್ದವು, ಹತ್ತಿ ಹೊಲಗಳಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವಂಥವು. ಪಟ್ಟಿ ಹರಿದ ಪಂಪುಗಳೆಲ್ಲ ಸುತ್ತಲಿನ ಊರುಗಳಿಂದ ಅವರ ಹತ್ತಿರ ಬರುತ್ತವಂತೆ.

ಇಮಾಮಸಾಬರು ಬ್ಯಾಗಿನ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದನ್ನ ಹೊಲಿದಾಂವ ಒಮ್ಮೆನೂ ಬಗ್ಗಿಲ್ಲ ನೋಡ್ರಿ ಅಕ್ಕಾರ."

"ಹೆಂಗ ಹೇಳತೀರಿ?"

"ಎಲ್ಲಾ ಭಾರ ಹೆಗಲಿಗೆ ಕೊಟ್ಟಾನ. ನೆಟ್ಟಗ ನಡಿಯೋರಿಗೆ ಆಗ್ತದ. ಬಗ್ಗಿದ್ರ ಹೆಗಲ ಎಲ್ಲಿರ್ತದ? ತಲಿ ಕೆಳಗ. ಪಂಪು ಹದಿನಾರು ಲೀಟರಿಂದು. ಹೆಗಲ ಮ್ಯಾಲೆ ಬಿಟ್ರ ತಲಿ ಮ್ಯಾಲೆ ಬರ್ತದ. ಸೊಂಟ ಹಿಡಿಬೇಕು."

ನಾನು ಶಾಲೆಯಲ್ಲಿ ಭಾರ, ಕೋನಗಳ ಲೆಕ್ಕವನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬಿಡಿಸಿದ್ದೇನೆ. ಇಷ್ಟು ಚುಟುಕಾಗಿ ಎಂದೂ ಹೇಳಿಲ್ಲ. ಅವರು ತೆಳ್ಳನೆಯ ಪಟ್ಟಿ ಕತ್ತರಿಸಿ ಎಸೆದರು. ನಾಲ್ಕು ಬೆರಳಗಲದ ದಪ್ಪ ಕ್ಯಾನ್ವಾಸಿಗೆ ಒಳಗೆ ಸೀಟಿನ ಸ್ಪಂಜು ಇಟ್ಟು ಹೊಸ ಪಟ್ಟಿ ಹೊಲಿದರು. ಎದೆಯ ಮೇಲೆ ಎರಡೂ ಹೆಗಲ ಪಟ್ಟಿಗಳನ್ನು ಕೂಡಿಸುವ ಒಂದು ಅಡ್ಡಪಟ್ಟಿ, ಒತ್ತಿದರೆ ಬಿಚ್ಚುವ ಕೊಂಡಿ. ಒಂದೂವರೆ ತಾಸು ಹಿಡಿಯಿತು. ಆಮೇಲೆ, "ಹಾಕ್ಕೊಂಡು ಬಗ್ರಿ," ಎಂದರು. ರಸ್ತೆಯ ಬದಿಯಲ್ಲೇ ಬಗ್ಗಿದೆ. ಅವರು ಹಿಂದಿನಿಂದ ಬ್ಯಾಗಿಗೆ ಕೈಯಿಂದ ಎರಡು ಏಟು ಹಾಕಿದರು. ಅಲುಗಲಿಲ್ಲ.

"ಈಗ ಹೋಗಿ ಕುಣೀರಿ," ಎಂದರು.

ಸಂಜೆ ಶೇರ್ ಆಟೋದಲ್ಲಿ ಹುಣಸಗಿ ರಸ್ತೆ ಹಿಡಿದು ಚಿಗವ್ವನ ಊರಿಗೆ ಹೋದೆ. ಆಕೆ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು.  ಬ್ಯಾಗಿನ ಪಟ್ಟಿಯನ್ನು ಒಮ್ಮೆ ಜಗ್ಗಿ ನೋಡಿದಳು.

ಗುರುವಾರ ಬೆಳಿಗ್ಗೆ ಗದ್ದೆಯಲ್ಲಿ ಹತ್ತು ಜನ ಹೆಂಗಸರು ಆಗಲೇ ಇಳಿದಿದ್ದರು. ಎಲ್ಲರೂ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟಿದ್ದರು. ಚಿಗವ್ವ ಮಾತ್ರ ಹಸಿರು ಸೀರೆ, ಕಾಲಿಗೆ ಚಪ್ಪಲಿ. ಗುಂಪಿನ ಮುಖ್ಯಸ್ಥೆ ಸಾಬವ್ವ ದೂರದಿಂದಲೇ ಶುರುಮಾಡಿದಳು.

"ಒಡತಿ ಬಂದ್ಲು, ದಾರಿ ಬಿಡ್ರೆವ್ವ! ಚಪ್ಪಲಿ ನೋಡ್ರಿ ಚಪ್ಪಲಿ!"

"ನಗಬ್ಯಾಡ್ರೇ," ಎಂದು ಚಿಗವ್ವ ಸೆರಗು ಕಚ್ಚಿದಳು.

ಸಾಬವ್ವ ನನ್ನ ಕಡೆ ತಿರುಗಿದಳು. "ಮತ್ತ ಈ ಮೇಡಮ್ಮ ಬೆನ್ನಿಗೆ ಪಂಪ್ ಕಟಗೊಂಡು ಬಂದಾಳಲ್ಲ! ಹುಳದ ಎಣ್ಣಿ ಹೊಡಿಯಾಕೇನ? ಇನ್ನಾ ಸಸಿನೇ ಹಚ್ಚಿಲ್ಲ."

"ಕ್ಯಾಮೆರಾ ಅಕ್ಕಾ," ಎಂದೆ.

"ಹೋದ ವರ್ಷದ್ದು ಕೆಸರಾಗಿಂದು ಎದ್ದು ಬಂತೇನ? ಇಳಿ ಇಳಿ. ಸಾಲು ಹಚ್ಚು, ಆಮ್ಯಾಲೆ ಫೋಟೊ."

ಬ್ಯಾಗನ್ನು ಬದುವಿನ ಮೇಲೆ ಇಟ್ಟು ಇಳಿಯಬಹುದಿತ್ತು. ಬದು ಹೊಸದಾಗಿ ಕೆಸರು ಮೆತ್ತಿದ್ದು, ಗೇಣಷ್ಟೇ ಅಗಲ. ಇಡಲಿಲ್ಲ. ಸೊಂಟದ ಪಟ್ಟಿ ಬಿಗಿದು, ಎದೆಯ ಕೊಂಡಿ ಹಾಕಿ ಇಳಿದೆ. ಸಾಬವ್ವ ಬಲಗೈಗೆ ಸಸಿಯ ಸೂಡು ಕೊಟ್ಟಳು. ಬಗ್ಗಿದೆ. ಹತ್ತು ಹೆಂಗಸರು ಕೆಲಸ ನಿಲ್ಲಿಸಿ ನನ್ನ ಬೆನ್ನನ್ನೇ ನೋಡುತ್ತಿದ್ದರು. ಒಂದು ಸಸಿ, ಎರಡು, ಒಂದು ಹೆಜ್ಜೆ ಹಿಂದಕ್ಕೆ. ಕೆಸರು ಕಾಲನ್ನು ಎಳೆಯಿತು, ವಾಲಿದೆ. ಬ್ಯಾಗು ನನ್ನ ಜೊತೆ ವಾಲಿತು, ನನ್ನ ಜೊತೆಯೇ ನೆಟ್ಟಗಾಯಿತು.

"ಮಂಗ್ಯಾನ ಮರಿ ಹಿಡಕೊಂಡಂಗ ಹಿಡಕೊಂಡದ ನೋಡ," ಎಂದಳು ಸಾಬವ್ವ. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಸಾಲಿನಲ್ಲಿ ಒಬ್ಬಳಾದೆ. ನನ್ನ ಬದುಕಿನಲ್ಲಿ ಬಹುಮಾನಗಳು ಬಂದಿವೆ, ಇದಕ್ಕೆ ಪ್ರಮಾಣಪತ್ರವಿಲ್ಲ.

ಸಾಲು ಅರ್ಧವಾದಾಗ ಚಿಗವ್ವ ಬದುವಿನ ಮೇಲೆ ಹೋಗಿ ನಿಂತಳು. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲು ಮುಂದೆ ಕಟ್ಟಿದಳು, ಆಮೇಲೆ ಸೊಂಟದ ಮೇಲೆ ಇಟ್ಟಳು. ಒಡೆಯರು ಹಾಗೆ ಇಡುತ್ತಾರೆ. ನಾನು ಬದುವಿಗೆ ಹತ್ತಿ, ಎದುರು ನಿಂತು, ಸರಿಯಾಗಿ ತೆಗೆಯಬೇಕೆಂದುಕೊಂಡಿದ್ದೆ. ಆದರೆ ಬಗ್ಗಿದವಳು ಬಗ್ಗಿದಲ್ಲಿಂದಲೇ ತಲೆ ಎತ್ತಿದಾಗ ಕಂಡದ್ದೇ ಬೇರೆ. ಮೊಳಕಾಲೆತ್ತರದಿಂದ ಅವಳು ಆಕಾಶದ ತನಕ ಇದ್ದಳು. ಮೂವತ್ತು ವರ್ಷ ಅವಳು ನೋಡಿದ್ದು ಇಲ್ಲಿಂದಲೇ.

ಸೂಡನ್ನು ಸಾಬವ್ವನಿಗೆ ಕೊಟ್ಟು, ಬಲಗೈಯನ್ನು ಕುತ್ತಿಗೆಯ ಟವೆಲ್ಲಿಗೆ ಒರೆಸಿಕೊಂಡೆ. ಕೊಂಡಿ ಬಿಚ್ಚಿ, ಒಂದು ಹೆಗಲು ಕಳಚಿ, ಚೀಲವನ್ನು ಮುಂದಕ್ಕೆ ಎಳೆದೆ. ಸೊಂಟದ ಪಟ್ಟಿ ಭಾರ ಹಿಡಿದುಕೊಂಡಿತು. ಬಾಗಿಲು ತೆರೆದೆ. ಕ್ಯಾಮೆರಾ ಕೈಗೆ ಬಂತು, ಹನಿ ನೀರು ತಾಗದೆ, ಸ್ವಚ್ಛವಾಗಿ. ಆರು ಚಿತ್ರ ತೆಗೆದೆ. ನನ್ನ ನೆನಪಿನಲ್ಲಿ ಆ ಕ್ಷಣಕ್ಕೆ ಬಿಸಿಲು ಬಿತ್ತು. ಆರರಲ್ಲಿ ಒಂದರಲ್ಲೂ ಬಿಸಿಲಿಲ್ಲ, ಬೂದು ಮೋಡವಿದೆ. ಬಿಸಿಲನ್ನು ನಾನೇ ಆಮೇಲೆ ಹಾಕಿಕೊಂಡಿರಬೇಕು. ಇಲ್ಲಿ ಚಿತ್ರವನ್ನೇ ನಂಬಿ ಬರೆಯುತ್ತೇನೆ: ಬೂದು ಮೋಡ, ಹಸಿರು ಸೀರೆ, ಸೊಂಟದ ಮೇಲೆ ಎರಡು ಕೈ, ಕೆಳತುದಿಯಲ್ಲಿ ಸಾಬವ್ವನ ಬೆನ್ನಿನ ಒಂದು ಚೂರು.

ತೋರಿಸಿದಾಗ ಚಿಗವ್ವ ಪರದೆಯನ್ನು ಹತ್ತಿರ ಹಿಡಿದು ನೋಡಿದಳು.

"ಇದು ನಾನಾ? ಇಷ್ಟು ದೊಡ್ಡಾಕಿ ಅದೀನೇನ?"

"ಕೆಳಗಿಂದ ನೋಡಿದ್ರ ಎಲ್ಲಾ ಒಡೆಯರೂ ಹಂಗ ಕಾಣ್ತಾರ," ಎಂದಳು ಸಾಬವ್ವ.

ಚಿಗವ್ವ ಇನ್ನೊಮ್ಮೆ ನೋಡಿದಳು. "ಸಾಕು," ಎಂದಳು. ಬೇಸರದ ದನಿಯಲ್ಲ, ಹೊಟ್ಟೆ ತುಂಬ ಉಂಡವರು ಹೇಳುವಂತೆ ಹೇಳಿದಳು. ಚಪ್ಪಲಿಗಳನ್ನು ಬದುವಿನ ಮೇಲೆ ಜೋಡಿಯಾಗಿಟ್ಟು, ಹಸಿರು ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ನಾನು ಅರ್ಧಕ್ಕೆ ಬಿಟ್ಟ ಸಾಲಿಗೆ ಇಳಿದಳು.

ಮಧ್ಯಾಹ್ನ ಎರಡರ ಆಟೋ ಹಿಡಿಯಬೇಕಿತ್ತು. ಕಾಲುವೆಯ ಏರಿಯ ಮೇಲೆ ಬಂದು ತಿರುಗಿ ನೋಡಿದೆ. ಗದ್ದೆಯಲ್ಲಿ ಹನ್ನೊಂದು ಬೆನ್ನುಗಳು ಒಂದೇ ಎತ್ತರಕ್ಕೆ ಬಗ್ಗಿ ಹಿಂದಕ್ಕೆ ಸರಿಯುತ್ತಿದ್ದವು. ಹಸಿರು ಸೀರೆ ಕೆಸರಾಗಿ ಉಳಿದವರ ಬಣ್ಣಕ್ಕೇ ಬಂದಿತ್ತು. ಯಾರು ಚಿಗವ್ವ ಎಂದು ಗೊತ್ತಾಗಲಿಲ್ಲ. ಆಗ ಒಂದು ದನಿ ಏರಿಯ ತನಕ ಕೇಳಿಸಿತು. ಅವಳು ಯಾರನ್ನಾದರೂ ಗದರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಸಾಬವ್ವಾ, ಸಾಲು ಸೊಟ್ಟ ಹೊಂಟದ! ಕಿತ್ತಿ ಹಚ್ಚು. ಇದು ನನ್ನ ಹೊಲ ಅದ!"