ಲೊರೆಟ್ಟಾಳ ಖಾಲಿ ತಟ್ಟೆ

ಜರ್ಮನಿಯ ಬ್ರೆಮೆನ್ನಿನ ಬುಧವಾರದ ಸಂತೆಯಲ್ಲಿ ಚೀಸ್ ಮಾರುವ ಲೊರೆಟ್ಟಾ ಅಮೆರಿಕದ ಒಹಾಯೋದವಳು. ಇಲ್ಲಿಯವನನ್ನು ಮದುವೆಯಾಗಿ ಬಂದಳು; ಗಂಡ ಬಿಟ್ಟು ಹೋದ, ಅಂಗಡಿ ಉಳಿಯಿತು. ಬಂದ ವರ್ಷ ಅವಳ ಹುಟ್ಟುಹಬ್ಬಕ್ಕೆ ಯಾರೂ ಕೇಕ್ ತರಲಿಲ್ಲ. ಸಂತೆಯವರೆಲ್ಲ ಅವಳೇ ತರುತ್ತಾಳೆಂದು ಫೋರ್ಕ್ ಹಿಡಿದು ಕಾದಿದ್ದರು. ಹುಟ್ಟುಹಬ್ಬದವರೇ ಕೇಕ್ ತಂದು ಹಂಚುವುದು ಇಲ್ಲಿನ ಪದ್ಧತಿ.

“ಅಮೆರಿಕದವ್ರು ನಗೋದ್ರಲ್ಲಿ ಧಾರಾಳ, ಕೊಡೋದ್ರಲ್ಲಿ ಜಿಪುಣರು,” ಎಂದಳು ಪಕ್ಕದ ಉಪ್ಪಿನಸೌತೆ ಅಂಗಡಿಯ ವೀಬ್ಕೆ.

“ನಮ್ಮೂರಲ್ಲಿ ಹುಟ್ಟುಹಬ್ಬದವಳು ತನ್ನ ಕೇಕಿಗೆ ತಾನೇ ಒಲೆ ಹಚ್ಕೊಳ್ಳಲ್ಲ ಕಣಮ್ಮ. ಯುರೋಪಿನವ್ರ ಎದೆ ನಿನ್ನ ಪೀಪಾಯಿ ಸೌತೆಕಾಯಿಗಿಂತ ತಣ್ಣಗಿದೆ,” ಎಂದಳು ಲೊರೆಟ್ಟಾ.

ಒಬ್ಬರಾದರೂ ತನಗೊಂದು ಕೇಕ್ ತರುವವರೆಗೆ ಬಗ್ಗುವುದಿಲ್ಲವೆಂದು ಅಂದೇ ಹಟ ಹಿಡಿದಳು. ಸಂತೆಯಲ್ಲಿ ಯಾರ ಹುಟ್ಟುಹಬ್ಬವೇ ಬರಲಿ, ಕೇಕ್ ಹೊತ್ತು ತಂದು ಅವರ ಕೇಕಿನ ಪಕ್ಕದಲ್ಲೇ ಇಟ್ಟಳು. “ನಂಗೇನು ಬೇಯಿಸೋಕೆ ಬರಲ್ವಾ?” ಎಂದು ವೀಬ್ಕೆ ಸಿಡುಕಿದರೂ ಲೊರೆಟ್ಟಾ ಇಟ್ಟೇ ಇಟ್ಟಳು. ಆಲೂಗಡ್ಡೆ ಮಾರುವ ಡೆಟ್ಲೆಫ್ ಮಾತ್ರ ಎರಡೂ ದೇಶಕ್ಕೆ ನಿಷ್ಠನಾಗಿ ಎರಡೆರಡು ತುಂಡು ತಿಂದ. ತನ್ನ ಹುಟ್ಟುಹಬ್ಬದ ವಾರದ ಸಂತೆಯಲ್ಲಿ ಲೊರೆಟ್ಟಾ ಬರೀ ಖಾಲಿ ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲಿಟ್ಟು ಕೂರುತ್ತಿದ್ದಳು. ಹತ್ತು ವರ್ಷ ಆ ತಟ್ಟೆ ಖಾಲಿಯಾಗಿಯೇ ಮನೆಗೆ ಹೋಯಿತು.

ಈ ಸಲ ಮಧ್ಯಾಹ್ನ ವೀಬ್ಕೆ ಪ್ಲಮ್ ಕೇಕ್ ತಂದು ಆ ತಟ್ಟೆಯ ಮೇಲೆ ಕುಕ್ಕಿದಳು.

“ಭಾನುವಾರ ಮಿಕ್ಕಿದ್ದು. ಬೇರೇನೂ ಅಂದ್ಕೋಬೇಡ.”

“ಅಂದ್ಕೊಳ್ಳಲ್ಲ ಬಿಡು. ಆದ್ರೆ ಮುಂದಿನ ವರ್ಷವೂ ನಾನು ತರಲ್ಲ,” ಎಂದು ಲೊರೆಟ್ಟಾ ಅಷ್ಟೂ ಹಲ್ಲು ತೋರಿಸಿ ನಕ್ಕಳು.

ಆ ಮಿಕ್ಕ ಕೇಕಿಗೆ ಇನ್ನೂ ಚಾಕು ತಾಗಿರಲಿಲ್ಲ.