ಎರಡು ಗಂಟಿನ ಪಟ್ಟಿ

ಬೆಳಗಿನ ಐದೂಮುಕ್ಕಾಲು. ಹೆರಿಗೆ ವಾರ್ಡಿನ ಕಿಟಕಿಯಲ್ಲಿ ಬೆಳಕು ಇನ್ನೂ ಹಾಲಿನ ಪಾತ್ರೆ ತೊಳೆದ ನೀರಿನಂತಿದೆ. ಹುಟ್ಟಿ ಇಪ್ಪತ್ತು ನಿಮಿಷವಾದ ಕೂಸೊಂದು ತೂಕದ ತಟ್ಟೆಯಲ್ಲಿ ಮುಷ್ಟಿ ಬಿಗಿದು ಇಡೀ ಲೋಕಕ್ಕೆ ಬೈಯುತ್ತಿದೆ. ಪಕ್ಕದಲ್ಲಿ ನಿಂತ ಐವತ್ತೊಂದು ವರ್ಷದ ಆಯಾ, ಬಿಳಿ ನೂಲಿನ ಪಟ್ಟಿಯೊಂದರ ಮೇಲೆ ಅಳಿಸದ ಶಾಯಿಯಲ್ಲಿ ತಾಯಿಯ ಹೆಸರು ಬರೆಯುತ್ತಿದ್ದಾರೆ. ಬರೆಯಕೂಡದೆಂದು ಅವರಿಗೆ ಲಿಖಿತ ಆದೇಶವಿದೆ. ಬರೆಯುತ್ತಿದ್ದಾರೆ.

ವಾರ್ಡಿಗೆಲ್ಲ ಅವರು ಪಟ್ಟಿ ಅಕ್ಕ. ಗುಡಿಸುವ ಕೆಲಸಕ್ಕೆಂದು ಬಂದವರು. ಓದಿದ್ದು ಎಂಟನೇ ಕ್ಲಾಸು. ಹಳೆಯ ಹೆಡ್ ನರ್ಸ್ ಒಬ್ಬರು ಕೈ ಹಿಡಿದು ಇಂಗ್ಲಿಷ್ ಅಕ್ಷರ ತಿದ್ದಿಸಿ, ಪೆನ್ನು ಕೊಟ್ಟು ಹೋದರು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹತ್ತು ಹನ್ನೆರಡು ಕೂಸುಗಳ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾರೆ. ನಿಂತು ನಿಂತು ಮೀನಖಂಡದ ನರಗಳು ಹಗ್ಗದಂತೆ ಉಬ್ಬಿವೆ. ನೌಕರಿ ಇವತ್ತಿಗೂ ಗುತ್ತಿಗೆಯದೇ.

ಹೆಸರಿಡುವ ತನಕ ಕೂಸು ‘ಇಂಥವಳ ಮಗು’, ಅಷ್ಟೇ. ಇಂಗ್ಲಿಷಿನಲ್ಲಿ ಆ ‘ಇಂಥವಳ’ ಅನ್ನುವುದಕ್ಕೆ ತಾಯಿಯ ಹೆಸರಿನ ಕೊನೆಗೆ, ಮೇಲೊಂದು ಸಣ್ಣ ಕೊಕ್ಕೆ ಹಾಕಿ ಎಸ್ ಬರೆಯಬೇಕು. ಹೆಸರೇ ಎಸ್‌ನಲ್ಲಿ ಮುಗಿದರೆ ಈ ಆಸ್ಪತ್ರೆಯಲ್ಲಿ ಬರೀ ಕೊಕ್ಕೆ ಸಾಕು. ಕೊಕ್ಕೆ ಕಣ್ಣು ತಪ್ಪಿದರೆ ಒಂದು ಹೆಸರು ಇನ್ನೊಂದಾಗುತ್ತದೆ. ಅದಕ್ಕೇ ಅಕ್ಕ ತಮ್ಮದೊಂದು ಕಟ್ಟಳೆ ಮಾಡಿಕೊಂಡಿದ್ದಾರೆ: ಎಸ್‌ನಲ್ಲಿ ಮುಗಿಯುವ ಹೆಸರಿಗೆ ಎರಡು ಗಂಟು, ಉಳಿದವಕ್ಕೆ ಒಂದು. ಕಟ್ಟುವ ಮೊದಲು ಪಟ್ಟಿಯನ್ನು ತಾಯಿಯ ಕಣ್ಣೆದುರು ಹಿಡಿಯುತ್ತಾರೆ.

“ಇದೇನಕ್ಕಾ, ನನ್ನ ಹೆಸರಿಗೆ ಬಾಲ ಬೇರೆ?” ಇವತ್ತಿನ ಬಾಣಂತಿ ಸುಸ್ತಿನಲ್ಲೂ ನಗುತ್ತಾಳೆ.

“ಬಾಲ ನಿಂಗಲ್ಲ ಕಣಮ್ಮ, ನಿನ್ನ ಮಗೂಗೆ. ಯಾರಾದ್ರೂ ಎತ್ಕೊಂಡು ಹೋದ್ರೆ ಹಿಡ್ಕೊಂಡು ಎಳೀಬೇಕಲ್ಲ!”

ಎರಡು ತಿಂಗಳ ಹಿಂದೆ ಆಡಳಿತ ಕಚೇರಿ ಒಂದು ಯಂತ್ರ ತಂದಿತು. ಮಣಿಕಟ್ಟಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯನ್ನು ಅದು ಅಚ್ಚು ಹಾಕಿ ಉಗುಳುತ್ತದೆ. ನೂಲಿನ ಪಟ್ಟಿ ಕೊಳಕು, ನಿಲ್ಲಿಸಿ ಎಂದು ಆದೇಶ ಬಂತು. ಆದರೆ ಯಂತ್ರಕ್ಕೆ ಕೊಕ್ಕೆ ಗೊತ್ತಿಲ್ಲ, ಅದನ್ನು ನುಂಗಿಬಿಡುತ್ತದೆ. “ಮೊದಲ ದಿನಾನೇ ಆಫೀಸಲ್ಲಿ ಹೇಳ್ದೆ, ‘ಸಾರ್, ಇದು ಎಡವಟ್ಟಾಗತ್ತೆ’ ಅಂತ. ‘ನೀನು ಇಂಜಿನಿಯರಾ?’ ಅಂದ್ರು. ಅಲ್ಲ ಸಾರ್, ಆಯಾ ಅಂದೆ.” ಹಾಗೆಂದು ವಾರ್ಡಿಗೆ ಬಂದ ಅಕ್ಕ, ಕೂಸುಗಳ ಕಾಲುಚೀಲದೊಳಗೆ ತಮ್ಮ ಪಟ್ಟಿಯನ್ನು ಮುಚ್ಚಿ ಕಟ್ಟತೊಡಗಿದರು.

ಹೋದ ವಾರ ಏಳು ಮತ್ತು ಎಂಟನೇ ಹಾಸಿಗೆಯ ತಾಯಂದಿರದು ಹೆಚ್ಚುಕಡಿಮೆ ಒಂದೇ ಹೆಸರು. ಎಂಟನೆಯವಳದಕ್ಕೆ ಮಾತ್ರ ಕೊನೆಗೊಂದು ಎಸ್ ಹೆಚ್ಚು. ಏಳನೆಯವಳ ಹೆಸರಿಗೆ ಎಸ್ ಅಂಟಿ, ಕೊಕ್ಕೆ ಹೋದ ಮೇಲೆ ಎರಡು ಪ್ಲಾಸ್ಟಿಕ್ ಪಟ್ಟಿಗಳಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ. ಎರಡೂ ಹೆಣ್ಣು ಕೂಸು, ಎರಡಕ್ಕೂ ಕಾಮಾಲೆ. ನೀಲಿ ಬೆಳಕಿನ ಕೋಣೆಯಿಂದ ವಾಪಸು ಬರುವಾಗ ಅದಲುಬದಲಾದವು. ಏಳನೆಯವಳು ಎದೆಗೆ ಹಚ್ಚಿಕೊಂಡು ಹಾಲೂಡಿಸುತ್ತಿದ್ದಳು. ಬಟ್ಟೆ ಬದಲಿಸಲು ಹೋದ ಅಕ್ಕನ ಬೆರಳಿಗೆ ಕಾಲುಚೀಲದೊಳಗೆ ಎರಡು ಗಂಟು ಸಿಕ್ಕವು; ಏಳನೆಯವಳ ಕೂಸಿಗೆ ಒಂದೇ ಇರಬೇಕಿತ್ತು. “ಆ ತಾಯಿ ಮುಖ ನೋಡೋಕಾಗ್ಲಿಲ್ಲ.” ರಕ್ತಪರೀಕ್ಷೆಯೂ ಅಕ್ಕನ ಗಂಟನ್ನೇ ನಿಜ ಮಾಡಿತು. ಅಜ್ಜಿ ಹೇಳುವ ಕಥೆಗಳಲ್ಲಿ ಕಳೆದುಹೋದ ರಾಜಕುಮಾರಿಯನ್ನು ತೊಡೆಯ ಮಚ್ಚೆ ಗುರುತಿಸಿಕೊಡುತ್ತದೆ, ಊರಿಗೆ ಊರೇ ದೀಪ ಹಚ್ಚುತ್ತದೆ. ಇಲ್ಲಿ ಗುರುತಿಸಿದವರ ಕೈಗೆ ನೋಟಿಸು ಬಂತು.

ಓದಿದರೆ ಮೈ ಉರಿಯುತ್ತದೆ. ಒಂದೂವರೆ ಪುಟದ ಆ ಕಾಗದದಲ್ಲಿ ಕೂಸುಗಳ ಸುದ್ದಿಯೇ ಇಲ್ಲ. ‘ಅನಧಿಕೃತ ಪಟ್ಟಿ’ ಎಂದು ಐದು ಸಲ ಇದೆ. ಜೊತೆಗೊಂದು ತಪ್ಪೊಪ್ಪಿಗೆ, ಟೈಪಾಗಿ ಸಿದ್ಧವಾಗಿದೆ: ‘ನನ್ನ ಪಟ್ಟಿಯಿಂದಲೇ ಗೊಂದಲವಾಯಿತು.’ ಇವತ್ತು ಸಂಜೆ ಐದರೊಳಗೆ ಸಹಿ ಮಾಡಿದರೆ ವಾರ್ಡಿನಲ್ಲೇ ಉಳಿಯಬಹುದು. ಇಲ್ಲದಿದ್ದರೆ ನಾಳೆಯಿಂದ ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗ, ಈ ಕಾಲುಗಳಲ್ಲಿ. ಯಂತ್ರ ತಂದವರನ್ನು ಯಾರೂ ಏನೂ ಕೇಳಿಲ್ಲ. ತಮ್ಮ ತಪ್ಪನ್ನು ಒಬ್ಬ ಆಯಾಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಇವರಿಗೆ ನಾಚಿಕೆಯೂ ಆಗುವುದಿಲ್ಲ.

ಸಂಜೆ ನಾಲ್ಕೂವರೆ. ಔಷಧಿ ಕಪಾಟಿನ ಹಿಂದಿನ ಸ್ಟೂಲಿನ ಮೇಲೆ ಅಕ್ಕ ಕುಳಿತಿದ್ದಾರೆ. ಕಾಗದ ತೊಡೆಯ ಮೇಲಿದೆ. ನರ್ಸ್ ಹುಡುಗಿ ಕಣ್ಣು ತುಂಬಿಕೊಂಡು, “ಒಂದು ಗೀಚು ಗೀಚಿಬಿಡಕ್ಕಾ, ಏನ್ ಗಂಟು ಹೋಗತ್ತೆ? ನೀನಿಲ್ದೆ ನಾವೇನ್ ಮಾಡೋಣ?” ಎನ್ನುತ್ತಾಳೆ.

ಅಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗೇ ಕೊಡುತ್ತಾರೆ. “ಹಾಗೇ ವಾಪಸ್ ಕೊಟ್ಬಿಡು, ಪುಟ್ಟಿ. ನಾನು ಸಹಿ ಹಾಕಿದ್ರೆ ತಪ್ಪು ನಂದಾಯ್ತು, ಮೆಷಿನ್ನು ಸರಿಯಾಯ್ತು. ಆಮೇಲೆ ಅದನ್ನ ಯಾರು ರಿಪೇರಿ ಮಾಡ್ತಾರೆ? ನಾನು ಬಟ್ಟೆ ಒಗೆಯೋಕೆ ಹೋದ್ರೆ, ಯಾವಳಾದ್ರೂ ಒಬ್ಬ ತಾಯಿ ಕೇಳ್ತಾಳೆ, ಅಕ್ಕ ಎಲ್ಲಿ, ಯಾಕೆ ಹೋದ್ಳು ಅಂತ. ಆಗ ನೀನು ನಡೆದದ್ದನ್ನ ನಡೆದ ಹಾಗೇ ಹೇಳು. ಅಷ್ಟು ಮಾಡು ಸಾಕು.”